2.4 ಹೋಗಿ 2.8 ಬಂತು: ಹಳೇ ಡಾಟ್ಸನ್‌ಗೆ ಸೆಕೆಂಡ್ ಹ್ಯಾಂಡ್ ಎಂಜಿನ್ ಹುಡುಕಿದ ಪ್ರಕರಣ

ಕಾರು 1972ರ ಡಾಟ್ಸನ್ 240ಝಡ್. ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಕಾರಿನ ಒಡೆಯ ನನ್ನ ಗೆಳೆಯ, ತುಮಕೂರು ಕಡೆಯವನು. ವಾರವಿಡೀ ಚಿಪ್ ಡಿಸೈನ್, ಶನಿವಾರ ಬಂತೆಂದರೆ ಮೊಣಕೈವರೆಗೂ ಗ್ರೀಸು. ನಾನು ಅವನ ಪಕ್ಕದಲ್ಲಿ ಟಾರ್ಚ್ ಹಿಡಿಯುವವನು, ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುವವನು. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ. ಈ ಬರಹ ಅದರಿಂದಲೇ.

ಶುರುವಾದದ್ದು ಹೊಗೆಯಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗ್ಯಾರೇಜಿನ ತುಂಬ ನೀಲಿ ಹೊಗೆ. ಪಕ್ಕದ ಮನೆಯ ಅಜ್ಜಿ ಕಿಟಕಿ ಹಾಕಿಕೊಳ್ಳುವ ಸದ್ದು ನಮಗೆ ಕೇಳಿಸುತ್ತಿತ್ತು. ಸಾವಿರ ಮೈಲಿಗೆ ಎರಡು ಬಾಟಲಿ ಆಯಿಲ್ ಕುಡಿಯುತ್ತಿತ್ತು. ಆರೂ ಪ್ಲಗ್ ಬಿಚ್ಚಿ ಕಂಪ್ರೆಷನ್ ನೋಡಿದೆವು, ಅಂದರೆ ಪ್ರತಿ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅನ್ನುವುದನ್ನು. ಒಂದನೇ ಸಿಲಿಂಡರಿನಿಂದ ಆರನೆಯದರವರೆಗೆ: 148, 150, 96, 90, 145, 151 ಪಿಎಸ್‌ಐ. ನಡುವಿನ ಎರಡು ಮಲಗಿದ್ದವು.

ನಾಲ್ಕನೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದೆವು. 90 ಇದ್ದದ್ದು 132ಕ್ಕೆ ಏರಿತು. ಇದು ಹಳೇ ಕಾಲದ ಪರೀಕ್ಷೆ, ಈಗಲೂ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಆಯಿಲ್ ಹೋಗಿ ಪಿಸ್ಟನ್ ಸುತ್ತಲಿನ ರಿಂಗಿನ ಸಂದು ಮುಚ್ಚುತ್ತದೆ. ಒತ್ತಡ ಏರಿದರೆ ರಿಂಗು ಇಲ್ಲವೇ ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಅಂದರೆ ಇಲ್ಲಿ ಬೋರಿಂಗ್ ಮಾಡಿಸಬೇಕು, ಹೊಸ ಪಿಸ್ಟನ್ ಹಾಕಬೇಕು. ಮಷೀನ್ ಶಾಪಿನಲ್ಲಿ ಎಲ್ಲ ಸೇರಿ ನಾಲ್ಕು ಸಾವಿರ ಡಾಲರ್ ಆಸುಪಾಸು ಅಂದರು.

"ಅಷ್ಟು ಕೊಟ್ಟೂ ಅದೇ 2.4 ಲೀಟರೇ ಅಲ್ವಾ ಗುರು?" ಅಂದ ಗೆಳೆಯ. ಈ ಪ್ರಕರಣ ಪೂರ್ತಿ ಆ ಒಂದು ಮಾತಿನಿಂದ ಹುಟ್ಟಿದ್ದು.

ದೊಡ್ಡ ಎಂಜಿನ್ ಯಾಕೆ ಕೂರುತ್ತದೆ

ಈ ಕಾರಿನ ವಿಷಯದಲ್ಲಿ ದೊಡ್ಡ ಎಂಜಿನ್ ಹಾಕುವುದು ಹುಚ್ಚು ಸಾಹಸವೇನಲ್ಲ. ನಿಸಾನ್ ಕಂಪನಿಯೇ ಆ ದಾರಿಯಲ್ಲಿ ನಡೆದಿದೆ. ಜಪಾನಿನಲ್ಲಿ ಇದೇ ಕಾರು ಫೇರ್‌ಲೇಡಿ ಝಡ್ ಅನ್ನುವ ಹೆಸರಲ್ಲಿ 2 ಲೀಟರ್ ಎಂಜಿನ್ ಹಾಕಿಕೊಂಡು ಬಂತು. ಅಲ್ಲಿನ ತೆರಿಗೆ ಲೆಕ್ಕದಲ್ಲಿ 2 ಲೀಟರ್ ದಾಟಿದರೆ ದುಬಾರಿ. ಅಮೆರಿಕಕ್ಕೆ ಕಳಿಸಿದ ಕಾರಿಗೆ ಎಲ್24 ಅನ್ನುವ ಎಂಜಿನ್ ಹಾಕಿದರು: ಬೋರ್ (ಸಿಲಿಂಡರಿನ ಅಗಲ) 83 ಮಿಮೀ, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 73.7, ಒಟ್ಟು 2,393 ಸಿಸಿ. 1974ರಲ್ಲಿ 260ಝಡ್ ಬಂತು, ಅದರಲ್ಲಿ ಎಲ್26: ಬೋರ್ ಅದೇ, ಸ್ಟ್ರೋಕ್ 79. ಮರುವರ್ಷ 280ಝಡ್, ಎಲ್28: ಬೋರ್ 86, ಸ್ಟ್ರೋಕ್ 79, ಒಟ್ಟು 2,753 ಸಿಸಿ. 1979ರಿಂದ 83ರವರೆಗೆ ಬಂದ 280ಝಡ್‌ಎಕ್ಸ್ ಕಾರಿಗೂ ಎಲ್28ನೇ.

ಎಲ್ಲವೂ ಒಂದೇ ತಾಯಿಯ ಮಕ್ಕಳು. ಸಾಲಾಗಿ ನಿಂತ ಆರು ಸಿಲಿಂಡರ್, ಬೀಡು ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಮೇಲೆ ಒಂದೇ ಕ್ಯಾಮ್, ಅದನ್ನು ತಿರುಗಿಸುವ ಚೈನು. ಎಂಜಿನ್ ಮೌಂಟು ಅದೇ ಜಾಗದಲ್ಲಿ, ಗೇರ್‌ಬಾಕ್ಸಿಗೆ ಕೂರುವ ಬೋಲ್ಟು ಅದೇ ಜಾಗದಲ್ಲಿ. ಹೊರಗಿನಿಂದ ನೋಡಿದರೆ 2.4 ಯಾವುದು, 2.8 ಯಾವುದು ಎಂದು ಗೊತ್ತಾಗುವುದಿಲ್ಲ. ಇದು ಅನುಕೂಲವೂ ಹೌದು, ಮೋಸ ಹೋಗುವ ಬಾಗಿಲೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ಊರಲ್ಲಿ ಅಂಬಾಸಿಡರ್‌ಗೆ ಮಟಾಡೋರ್ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಗ್ಯಾರೇಜುಗಳನ್ನು ನೋಡಿ ಬೆಳೆದವರು ನಾವು. ವೆಲ್ಡಿಂಗು, ಹೊಸ ಬ್ರಾಕೆಟ್ಟು, ಎರಡು ವಾರ ಸುತ್ತಿಗೆ ಸದ್ದು. ಅದಕ್ಕೆ ಹೋಲಿಸಿದರೆ ಇದು ಮದುವೆ ಮನೆಯಲ್ಲಿ ಎಲೆ ಬದಲಿಸಿದಷ್ಟು ಸುಲಭ ಅಂದುಕೊಂಡಿದ್ದೆವು. ಅಷ್ಟೇನೂ ಸುಲಭವಾಗಲಿಲ್ಲ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ, ಹಾಗಾಗಿ 1972ರ ಕಾರು ಬಚಾವ್. ನಮ್ಮೂರಲ್ಲಿ ಇದನ್ನು ಓದಿ ಯಾರಾದರೂ ತೋಳು ಮಡಚಿದರೆ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ, ಆರ್‌ಟಿಓ ಬಾಗಿಲು ತಟ್ಟಿ. ಆರ್‌ಸಿಯಲ್ಲಿ ಇರುವುದು ಒಂದು, ಬಾನೆಟ್ ಕೆಳಗೆ ಇರುವುದು ಇನ್ನೊಂದು ಆಗುವ ಹಾಗಿಲ್ಲ.

ಶಕ್ತಿಯ ಅಂಕಿ ಮಾಡಿದ ಗೊಂದಲ

ಮೊದಲ ವಾರವೇ ಗೆಳೆಯ ಮುಖ ಸಪ್ಪಗೆ ಮಾಡಿಕೊಂಡು ಫೋನ್ ಮಾಡಿದ. "ನೋಡೋ, ನಮ್ಮ ಎಲ್24ಗೆ 151 ಹಾರ್ಸ್‌ಪವರ್ ಅಂತ ಬರೆದಿದಾರೆ. 1982ರ ಎಲ್28ಗೆ 145. ದೊಡ್ಡ ಎಂಜಿನ್ ಹಾಕಿ ಶಕ್ತಿ ಕಮ್ಮಿ ಮಾಡ್ಕೊಳ್ಳೋದಾ?"

ಎರಡೂ ಅಂಕಿ ಸರಿಯೇ. ಆದರೆ ಅಳೆದ ತಕ್ಕಡಿ ಬೇರೆ. 151 ಅನ್ನುವುದು ಹಳೇ ಗ್ರಾಸ್ ಲೆಕ್ಕ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಸೈಲೆನ್ಸರ್, ಫ್ಯಾನು ಇಂಥ ಭಾರಗಳನ್ನೆಲ್ಲ ಬಿಟ್ಟು ಅಳೆದದ್ದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದವು. ಕಾರಿನಲ್ಲಿ ಕೂತಾಗ ಏನೇನು ಇರುತ್ತದೋ ಅದನ್ನೆಲ್ಲ ಹೊತ್ತುಕೊಂಡು ಎಂಜಿನ್ ಕೊಡುವ ಶಕ್ತಿ ಅದು. 145 ಈ ಲೆಕ್ಕದ್ದು. ಬಟ್ಟೆ ಬಿಚ್ಚಿ ತೂಗಿದವನನ್ನೂ ಕಂಬಳಿ ಹೊದ್ದು ತೂಗಿದವನನ್ನೂ ಹೋಲಿಸಿದ ಹಾಗೆ. ಬರೀ ಅಂಕಿ ನೋಡಿ ಎಂಜಿನ್ ಆರಿಸುವವರು ಇಲ್ಲೇ ಎಡವುತ್ತಾರೆ. ಆವತ್ತೇ ನೋಟ್‌ಬುಕ್ಕಿನಲ್ಲಿ ಹಾರ್ಸ್‌ಪವರ್ ಕಾಲಂ ಹೊಡೆದು ಹಾಕಿದೆ. ಅದರ ಜಾಗದಲ್ಲಿ "ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡದ್ದು ಏನು" ಅನ್ನುವ ಕಾಲಂ ಬಂತು.

ಐದು ಎಂಜಿನ್‌ಗಳು

ಮೊದಲನೆಯದು ಎಂಜಿನ್ನೇ ಅಲ್ಲ, ಆಸೆ. ಶೆವರ್ಲೆ ವಿ8. ಕ್ಯಾಲಿಫೋರ್ನಿಯಾದಲ್ಲೇ 1970ರ ದಶಕದಲ್ಲಿ ಸ್ಕ್ಯಾರಬ್ ಅನ್ನುವ ಹೆಸರಲ್ಲಿ ಝಡ್ ಕಾರಿಗೆ ವಿ8 ಕೂರಿಸಿ ಮಾರುತ್ತಿದ್ದರು, ಹಾಗಾಗಿ ದಾರಿ ಗೊತ್ತಿರುವುದೇ. ಆದರೆ ಮೌಂಟು, ರೇಡಿಯೇಟರು, ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಡಿಫರೆನ್ಷಿಯಲ್ ಎಲ್ಲ ಬದಲಾಗಬೇಕು. ಹತ್ತೇ ನಿಮಿಷದಲ್ಲಿ ಕೈಬಿಟ್ಟೆವು. ಗೆಳೆಯನಿಗೆ ಬೇಕಿದ್ದದ್ದು ಅದೇ ಕಾರು, ಸ್ವಲ್ಪ ಜಾಸ್ತಿ ಉಸಿರು. ಬೇರೆ ಕಾರಲ್ಲ.

ಎರಡನೆಯದು ಟರ್ಬೊ ಎಲ್28, 1983ರದ್ದು. ನೆಟ್ ಲೆಕ್ಕದಲ್ಲೇ 180 ಹಾರ್ಸ್‌ಪವರ್. ಒಬ್ಬರ ಮನೆ ಹಿತ್ತಲಲ್ಲಿ ತಾಡಪತ್ರಿ ಕೆಳಗೆ ಇತ್ತು. ಎಂಜಿನ್ ಏನೋ ಸರಿ. ಅದರ ವೈರಿಂಗ್ ಮಾತ್ರ ಒಂದು ರಟ್ಟಿನ ಡಬ್ಬದಲ್ಲಿ ಸೇವಿಗೆ ತುಂಬಿದ ಹಾಗೆ ತುಂಬಿತ್ತು, ಅರ್ಧ ಕನೆಕ್ಟರ್ ಕತ್ತರಿಸಿದ್ದರು. ಟರ್ಬೊ ಬಿಟ್ಟು ಬರೀ ಬ್ಲಾಕು ತಗೊಂಡರೆ ಹೇಗೆ ಎಂದು ಗೆಳೆಯ ಕೇಳಿದ. ಟರ್ಬೊ ಎಂಜಿನ್ನಿನ ಕಂಪ್ರೆಷನ್ ಅನುಪಾತ (ಒಳಗೆ ಬಂದ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಲೆಕ್ಕ) 7.4 ಮಾತ್ರ, ಪಿಸ್ಟನ್ ತಲೆಯಲ್ಲಿ ತಟ್ಟೆಯಂಥ ತಗ್ಗು. ಟರ್ಬೊ ತಳ್ಳುವ ಗಾಳಿ ಇಲ್ಲದಿದ್ದರೆ ಅದು ಮಂದ ಎಂಜಿನ್. ಬೇಡ ಅಂದೆವು. ವೈರಿಂಗ್ ಪೂರ್ತಿ ಇದ್ದು, ಎಂಜಿನ್ ಓಡುತ್ತಿರುವುದನ್ನು ನೋಡಿದ್ದರೆ ಈ ಕಥೆ ಇಲ್ಲೇ ಬೇರೆ ಕಡೆ ತಿರುಗುತ್ತಿತ್ತು ಅಂತ ಈಗಲೂ ನನಗನ್ನಿಸುತ್ತದೆ.

ಮೂರನೆಯದು 1975ರ 280ಝಡ್‌ದು. ಬ್ಲಾಕೂ ಎನ್42, ಹೆಡ್ಡೂ ಎನ್42 (ಎರಕದಲ್ಲೇ ಮೂಡಿಸಿದ ಗುರುತು ಇದು). ಇದು ಎಲ್ಲರೂ ಕಣ್ಣುಮುಚ್ಚಿ ಹೇಳುವ ಆಯ್ಕೆ. ಅನುಪಾತ 8.3. ಹೆಡ್ಡಿನಲ್ಲಿ ಹೊಗೆ ಹೋಗುವ ರಂಧ್ರಗಳು ಚೌಕ, ನಮ್ಮ ಹಳೇ ಎಂಜಿನ್ನಿನ ಹಾಗೇ, ಎಕ್ಸಾಸ್ಟ್ ಹೆಡರ್ (ಹೊಗೆ ಕೊಳವೆಗಳ ಗೊಂಚಲು) ಸೀದಾ ಕೂರುತ್ತದೆ. ಕಂಪ್ರೆಷನ್ ನೋಡಿದರೆ 150, 152, 148, 155, 112, 150. ಐದನೆಯದರಲ್ಲಿ ಎಡವಟ್ಟು. ಚಮಚ ಆಯಿಲ್ ಬಿಟ್ಟೆವು. 112 ಇದ್ದದ್ದು 114 ಆಯಿತು, ಅಷ್ಟೆ. ಅಂದರೆ ರಿಂಗಲ್ಲ, ವಾಲ್ವ್. ಹೆಡ್ ಬಿಚ್ಚಲೇಬೇಕು.

ಎಲ್ ಎಂಜಿನ್ನಿನ ಹೆಡ್ ಬಿಚ್ಚುವುದರಲ್ಲಿ ಒಂದು ಕೊಕ್ಕೆ ಇದೆ. ಕ್ಯಾಮ್ ಗಿಯರ್ ಬಿಚ್ಚುವ ಮೊದಲು ಚೈನಿನ ಎರಡು ಎಳೆಗಳ ನಡುವೆ ಮರದ ಬೆಣೆ ಇಳಿಸಿ ಬಿಗಿ ಮಾಡಬೇಕು. ಬೆಣೆ ಜಾರಿತೋ, ಒಳಗಿನ ಚೈನ್ ಟೆನ್ಷನರ್ ಟಪ್ ಅಂತ ಹೊರಗೆ ಹಾರುತ್ತದೆ. ಅದನ್ನು ವಾಪಸ್ ಕೂರಿಸಲು ಎಂಜಿನ್ನಿನ ಮುಂದಿನ ಕವರು ಪೂರ್ತಿ ತೆಗೆಯಬೇಕು. ಒಂದು ಮಧ್ಯಾಹ್ನದ ಕೆಲಸ ಒಂದು ವಾರದ್ದಾಗುತ್ತದೆ. ಮಾರುವವರು ಕೇಳಿದ್ದು 900 ಡಾಲರ್. ವಾಲ್ವ್ ಕೆಲಸ ಸೇರಿಸಿದರೆ ಎರಡರಷ್ಟು. ಆದರೂ ಪಟ್ಟಿಯಿಂದ ಹೊಡೆಯಲಿಲ್ಲ, ಪಕ್ಕಕ್ಕಿಟ್ಟೆವು.

ನಾಲ್ಕನೆಯದು ಪಾಠ. "1982ರ 280ಝಡ್‌ಎಕ್ಸ್‌ನಿಂದ ತೆಗೆದ ಎಲ್28, ಎಫ್54 ಬ್ಲಾಕು, 500 ಡಾಲರ್" ಎಂದಿತ್ತು. ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಹೊರಗೆ ಚೆನ್ನಾಗಿ ತೊಳೆದು, ಬ್ಲಾಕಿಗೆ ನೀಲಿ ಬಣ್ಣ ಬಳಿದಿದ್ದರು. ಗೆಳೆಯ ಆಗಲೇ ಜೇಬಿಗೆ ಕೈ ಹಾಕುತ್ತಿದ್ದ.

ಎಲ್ ಎಂಜಿನ್ನಿನ ಬಲಗಡೆ, ಪ್ಲಗ್‌ಗಳ ಸಾಲಿನ ಹಿಂದಿನ ತುದಿಗೆ, ಹೆಡ್ ಕೂರುವ ಗೆರೆಯ ಕೆಳಗೆ ಒಂದು ಸಣ್ಣ ಸಪಾಟು ಜಾಗ ಇರುತ್ತದೆ. ಎಂಜಿನ್ ನಂಬರು ಅಲ್ಲಿ ಗುದ್ದಿರುತ್ತಾರೆ, ನಂಬರಿನ ಮೊದಲು ಎಂಜಿನ್ ಯಾವುದು ಅನ್ನುವುದೂ ಇರುತ್ತದೆ. ಅಲ್ಲಿ ಬಣ್ಣ ದಪ್ಪಗೆ ಕೂತಿತ್ತು. ಬ್ರೇಕ್ ಕ್ಲೀನರ್ ಹೊಡೆದು ತಂತಿ ಬ್ರಷ್‌ನಿಂದ ಉಜ್ಜಿದೆ. ಸೀಮೆಸುಣ್ಣದ ಪುಡಿ ಸವರಿ ಬೆರಳಿನಿಂದ ಒರೆಸಿದೆ. ಗೀರುಗಳಲ್ಲಿ ಬಿಳಿ ಉಳಿಯಿತು. ಟಾರ್ಚನ್ನು ಓರೆಯಾಗಿ ಹಿಡಿದೆ. ಮೊದಲು ಎಲ್ ಕಂಡಿತು, ಆಮೇಲೆ 2, ಆಮೇಲೆ 4.

ಎಲ್24! ಅದೇ ಕಾಲದಲ್ಲಿ ಡಾಟ್ಸನ್ 810, ಮ್ಯಾಕ್ಸಿಮಾ ಸೆಡಾನುಗಳಿಗೂ ಫ್ಯೂಯೆಲ್ ಇಂಜೆಕ್ಷನ್ ಇರುವ ಎಲ್24 ಹಾಕುತ್ತಿದ್ದರು. ಅಂಥದ್ದೇ ಇದು. ಹೊರಗಿನಿಂದ ಅವಳಿ ಜವಳಿ, ಒಳಗೆ ಬೋರು 83. ಮಾರುವವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ನೆ ಇದ್ದರೋ, ಹೇಳಲಾರೆ. "ನನಗೂ ಯಾರೋ ಹಾಗೇ ಹೇಳಿ ಮಾರಿದ್ರು" ಅಂದರು. ವಾಪಸ್ ಬರುವಾಗ ಗೆಳೆಯ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಅಂದ: "ಎರಡು ರೂಪಾಯಿ ಸೀಮೆಸುಣ್ಣ ಐನೂರು ಡಾಲರ್ ಉಳಿಸ್ತಲ್ಲೋ."

ಐದನೆಯದು ಗುಜರಿ ಅಂಗಳದಲ್ಲಿ ಸಿಕ್ಕಿತು. 1982ರ 280ಝಡ್‌ಎಕ್ಸ್, ಆಟೋಮ್ಯಾಟಿಕ್ ಗೇರಿನದು. ಹಿಂದಿನಿಂದ ಯಾವುದೋ ಟ್ರಕ್ ಗುದ್ದಿ ಡಿಕ್ಕಿ ಒಳಗೆ ಹೋಗಿತ್ತು, ಮುಂಭಾಗ ಹಾಗೇ ಇತ್ತು. ನನಗೆ ಇಂಥ ಕಾರು ಕಂಡರೆ ಖುಷಿ. ಹಿಂದಿನಿಂದ ಪೆಟ್ಟು ತಿಂದ ಕಾರು ಅಂದರೆ ಆ ದಿನದವರೆಗೂ ರಸ್ತೆಯಲ್ಲಿ ಓಡುತ್ತಿದ್ದ ಕಾರು. ಎಂಜಿನ್ ಕೈಕೊಟ್ಟು ಗುಜರಿಗೆ ಬಂದದ್ದಲ್ಲ.

ಎಫ್54 ಒಂದೇ ಸಾಲದು

ಗುಜರಿಯಲ್ಲಿ ಪೆಟ್ರೋಲು, ಆಯಿಲು ಎಲ್ಲ ಇಳಿಸಿಬಿಟ್ಟಿರುತ್ತಾರೆ, ಎಂಜಿನ್ ಓಡಿಸಿ ನೋಡುವ ಹಾಗಿಲ್ಲ. ನಮ್ಮ ಬ್ಯಾಟರಿ ಹೊತ್ತುಕೊಂಡು ಹೋದೆವು. ಒಂದಿಷ್ಟು ಆಯಿಲ್ ಹಾಕಿ, ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಸ್ಟಾರ್ಟರಿಗೆ ಸೀದಾ ಕರೆಂಟ್ ಕೊಟ್ಟು ತಿರುಗಿಸಿದೆವು. ಥ್ರಾಟಲ್ ಮುಚ್ಚಿದ್ದರೆ ಗಾಳಿಯೇ ಒಳಗೆ ಬರುವುದಿಲ್ಲ, ಒಳ್ಳೇ ಎಂಜಿನ್ನೂ ಸುಳ್ಳು ಅಂಕಿ ತೋರಿಸುತ್ತದೆ. 158, 160, 155, 162, 157, 160. ತಣ್ಣಗಿದ್ದಾಗಲೇ ಇಷ್ಟು. ಸಂಖ್ಯೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಆರೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ನಂಬರು ಗುದ್ದಿದ ಜಾಗ ಉಜ್ಜಿದೆವು: ಎಲ್28. ಬ್ಲಾಕಿನ ಮೇಲೆ ಎಫ್54, ಹೆಡ್ಡಿನ ಮೇಲೆ ಒಂದನೇ ಎರಡನೇ ಪ್ಲಗ್ ನಡುವೆ ಪಿ79.

ಇಷ್ಟಕ್ಕೆ ನಿಲ್ಲಿಸುವವರೇ ಜಾಸ್ತಿ. ಎಫ್54 ಅಂದರೆ ಪಿಸ್ಟನ್ ತಲೆ ಸಪಾಟು ಇರುವ ಒಳ್ಳೇ ಎಂಜಿನ್ ಅಂತ ಬಾಯಿಂದ ಬಾಯಿಗೆ ಹೋಗುವ ಮಾತು. ಅರ್ಧ ನಿಜ. ಟರ್ಬೊ ಎಂಜಿನ್ನಿಗೂ ಇದೇ ಎಫ್54 ಬ್ಲಾಕು, ಅದರ ಪಿಸ್ಟನ್‌ಗೆ ತಗ್ಗು. ನಲವತ್ತು ವರ್ಷದಲ್ಲಿ ಯಾರು ಯಾವ ಬ್ಲಾಕಿಗೆ ಯಾವ ಹೆಡ್ ಹಾಕಿದ್ದಾರೋ ಯಾರಿಗೆ ಗೊತ್ತು? ಅದಕ್ಕೇ ಪ್ಲಗ್ ತೂತಿನೊಳಗೆ ಫೋನಿಗೆ ಸಿಕ್ಕಿಸುವ ಮೂವತ್ತು ಡಾಲರಿನ ಕ್ಯಾಮೆರಾ ಇಳಿಸಿದೆವು. ಪರದೆಯ ಮೇಲೆ ಮೊದಲು ಬರೀ ಕರಿ ಮಸಿ. ಗೆಳೆಯ ಪುಲ್ಲಿಗೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿದ. ಪಿಸ್ಟನ್ ಮೇಲೆ ಬಂತು, ಬೆಳಕು ಅದರ ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿತು. ತಗ್ಗಿನ ನೆರಳಿಲ್ಲ. ಸಪಾಟು. ಸಿಲಿಂಡರ್ ಗೋಡೆಯಲ್ಲಿ ಹೋನಿಂಗ್ ಮಾಡಿದ ಅಡ್ಡಗೆರೆಗಳು ಇನ್ನೂ ತೆಳುವಾಗಿ ಕಾಣುತ್ತಿದ್ದವು, ಅಂದರೆ ಗೋಡೆ ಹೆಚ್ಚು ಸವೆದಿಲ್ಲ.

ಎಂಜಿನ್ನಿಗೆ 350 ಡಾಲರ್ ಕೊಟ್ಟೆವು. ಕಿತ್ತುಕೊಳ್ಳುವ ಕೆಲಸ ನಮ್ಮದೇ.

ಹೆಡ್ಡಿನ ಜಗಳ

ಈಗ ಗೆಳೆಯನ ತಲೆಗೆ ಹೊಸ ಹುಳ ಹೊಕ್ಕಿತು. ಸಪಾಟು ಪಿಸ್ಟನ್ ಇರುವ ಎಫ್54 ಬ್ಲಾಕಿಗೆ ಎನ್42 ಹೆಡ್ ಹಾಕಿದರೆ ಕಂಪ್ರೆಷನ್ ಏರುತ್ತದೆ, ಎಂಜಿನ್ ಚುರುಕಾಗುತ್ತದೆ. ಚೌಕ ರಂಧ್ರದ ಹೆಡ್ಡು, ಹೆಡರಿಗೂ ಹೊಂದುತ್ತದೆ. ಮಾತು ಸುಳ್ಳಲ್ಲ. ಎಷ್ಟು ಏರುತ್ತದೆ ಅನ್ನುವುದನ್ನು ಕೂತು ಲೆಕ್ಕ ಹಾಕಿದೆವು.

ಬೋರ್ 86, ಸ್ಟ್ರೋಕ್ 79. ಒಂದು ಸಿಲಿಂಡರ್ 458.9 ಸಿಸಿ. ಪಿ79 ಹೆಡ್ಡಿನ ಗುಳಿ 53.6 ಸಿಸಿ. ಹೆಡ್ ಗ್ಯಾಸ್ಕೆಟ್ಟಿನ ತೂತು ಸುಮಾರು 7. ಈ ಪಿಸ್ಟನ್ ತುತ್ತತುದಿಗೆ ಬಂದಾಗ ಬ್ಲಾಕಿನ ಅಂಚಿಗಿಂತ ಅರ್ಧ ಮಿಲಿಮೀಟರ್ ಆಸುಪಾಸು ಮೇಲೆ ಬರುತ್ತದೆ, ಅದಕ್ಕೆ 3 ಕಳೆಯಿರಿ. ಉಳಿದ ಜಾಗ 57.6. ಒಟ್ಟು 516.5ನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 9. ಕಂಪನಿ ಹೇಳುವುದು 8.8. ನಮ್ಮ ಲೆಕ್ಕ ದಾರಿ ತಪ್ಪಿಲ್ಲ ಅಂತಾಯಿತು. ಈಗ ಎನ್42 ಹೆಡ್: ಗುಳಿ 44.6. ಅದೇ ಗ್ಯಾಸ್ಕೆಟ್, ಅದೇ ಪಿಸ್ಟನ್. ಉಳಿದ ಜಾಗ 48.6. ಅನುಪಾತ 10.4.

ಕೇಳಲು ಚೆನ್ನಾಗಿದೆ. ಆದರೆ ಅನುಪಾತ ಏರಿದಷ್ಟೂ ಜಾಸ್ತಿ ಆಕ್ಟೇನ್ ಇರುವ ಪೆಟ್ರೋಲ್ ಬೇಕು, ಇಲ್ಲಿನ ಬಂಕಿನಲ್ಲಿ ಸಿಗುವ ಒಳ್ಳೇ ಪೆಟ್ರೋಲ್ ಅಂದರೆ 91. ಅಮೆರಿಕದ 91 ನಮ್ಮೂರ ಲೆಕ್ಕದಲ್ಲಿ 95 ಆಕ್ಟೇನ್‌ಗೆ ಹತ್ತಿರ. ಮೇಲಾಗಿ ಎನ್42 ಹೆಡ್ಡಿನ ಗುಳಿ ತೆರೆದ ಬಗೆಯದು, ಗಾಳಿ ಪೆಟ್ರೋಲು ಅಂಚಿನವರೆಗೂ ಹರಡಿಕೊಂಡಿರುತ್ತದೆ. ಪಿ79ರಲ್ಲಿ ಗುಳಿಯ ಪಕ್ಕದಲ್ಲಿ ಸಪಾಟು ಜಾಗವಿದೆ. ಪಿಸ್ಟನ್ ಮೇಲೆ ಬಂದಾಗ ಅಲ್ಲಿನ ಗಾಳಿಯನ್ನು ಹಿಂಡಿ ಪ್ಲಗ್ ಕಡೆಗೆ ತಳ್ಳುತ್ತದೆ. ಹಾಗಾಗಿ ನಾಕಿಂಗ್ ಹೊಡೆಯುವುದು, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯುವುದು, ಕಮ್ಮಿ. 10.4 ಅನುಪಾತ, ತೆರೆದ ಗುಳಿ, 91 ಪೆಟ್ರೋಲ್, ಬೇಸಿಗೆಯ ಘಾಟಿ. ಪ್ಲಗ್ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆದು ಓಡಿಸುವವರಿದ್ದಾರೆ. ಆದರೆ ಹಾಗೆ ಎಳೆದರೆ ಹೆಡ್ ಬದಲಿಸಿ ಗಳಿಸಿದ ಚುರುಕಿನಲ್ಲಿ ಒಂದಷ್ಟು ಅಲ್ಲೇ ಸೋರುತ್ತದೆ.

ನನ್ನ ವಾದ ಇನ್ನೂ ಸರಳ. ಆರೂ ಸಿಲಿಂಡರ್ ಒಂದೇ ಸಮ ಇರುವ ಎಂಜಿನ್ ಸಿಕ್ಕಿದೆ, ಅದರ ಹೆಡ್ ಯಾಕೆ ಬಿಚ್ಚಬೇಕು? ಬಿಚ್ಚಿದ ಗಳಿಗೆಯಿಂದ ಅದು ನಾವು ಪರೀಕ್ಷೆ ಮಾಡಿದ ಎಂಜಿನ್ ಆಗಿ ಉಳಿಯುವುದಿಲ್ಲ. ಒಂದು ವಾರ ಎಳೆದಾಡಿದೆವು. ಕೊನೆಗೆ ಅವನ ಹೆಂಡತಿ, "ಮೊದ್ಲು ಒಂದು ಸಲ ಓಡ್ಸಿ ನೋಡ್ರಿ, ಬೇಜಾರಾದ್ರೆ ಆಮೇಲೆ ಬಿಚ್ಕೊಳ್ಳಿ" ಅಂದರು. ಪಿ79 ಉಳಿಯಿತು.

ಕೂರಿಸುವಾಗ

ಎಣ್ಣೆ ಪ್ಯಾನು, ಆಯಿಲ್ ಎಳೆಯುವ ಕೊಳವೆ, ಡಿಪ್‌ಸ್ಟಿಕ್ ಮೂರನ್ನೂ ಹಳೇ ಎಂಜಿನ್ನಿನದೇ ಹಾಕಿದೆವು. ಆ ಕಾರಿನ ಅಡಿಯಲ್ಲಿ ಇದ್ದದ್ದೇ ಹಾಕಿದರೆ ತಕರಾರಿಲ್ಲ. ಪ್ಯಾನ್ ಬಿಚ್ಚಿದಾಗ ಎರಡು ಬೇರಿಂಗ್ ಕ್ಯಾಪ್ ತೆಗೆದು ನೋಡಿದೆವು. ಬೂದು ಬಣ್ಣ ಹಾಗೇ ಇತ್ತು, ತಾಮ್ರ ಕಾಣಿಸುತ್ತಿರಲಿಲ್ಲ, ಅಂದರೆ ಬೇರಿಂಗ್ ಹೆಚ್ಚು ಸವೆದಿಲ್ಲ. ವಾಟರ್ ಪಂಪು, ಹಿಂದಿನ ಆಯಿಲ್ ಸೀಲು, ಥರ್ಮೋಸ್ಟಾಟು ಹೊಸದು. ಎಂಜಿನ್ ಹೊರಗಿರುವಾಗ ಒಂದು ಗಂಟೆಯ ಕೆಲಸ, ಒಳಗೆ ಕೂತ ಮೇಲೆ ಒಂದು ದಿನದ್ದು.

ಪಿ79 ಹೆಡ್ಡಿನ ಹೊಗೆ ರಂಧ್ರಗಳು ದುಂಡಗೆ, ಒಳಗೆ ಉಕ್ಕಿನ ಬಳೆ. ನಮ್ಮ ಹೆಡರಿನ ಬಾಯಿ ಚೌಕ, ಸ್ವಲ್ಪ ದೊಡ್ಡದು. ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಹೊಗೆಗೆ ಅಡ್ಡಿಯಿಲ್ಲ, ಹಾಗಾಗಿ ಬಿಟ್ಟೆವು. ತೊಂದರೆ ಕೊಟ್ಟದ್ದು ಬೇರೆ. ಈ ಎಂಜಿನ್ನಿನಲ್ಲಿ ಗಾಳಿ ಬರುವ ಮ್ಯಾನಿಫೋಲ್ಡೂ ಹೊಗೆ ಹೋಗುವ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿ, ಒಂದರ ಮೇಲೊಂದು. ಕೆಲವು ಸ್ಟಡ್ಡುಗಳಲ್ಲಿ ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಎರಡರ ಫ್ಲ್ಯಾಂಜ್ ದಪ್ಪ ಒಂದೇ ಇಲ್ಲದಿದ್ದರೆ ವಾಷರ್ ವಾಲುತ್ತದೆ, ತೆಳ್ಳಗಿರುವ ಕಡೆ ಸೋರುತ್ತದೆ. ಮೊದಲ ದಿನ ಕೇಳಿದ ಟಿಕ್ ಟಿಕ್ ಸದ್ದನ್ನು ವಾಲ್ವ್ ಅಂದುಕೊಂಡು ಎರಡು ಸಲ ವಾಲ್ವ್ ಅಡ್ಜಸ್ಟ್ ಮಾಡಿದೆವು. ಅದು ಸೋರುವ ಹೊಗೆಯ ಸದ್ದು. ವಾಷರಿನ ಒಂದು ಪಕ್ಕ ಅರದಿಂದ ಉಜ್ಜಿ ಮಟ್ಟ ಮಾಡಿದ ಮೇಲೆ ನಿಂತಿತು.

ಹಳೇ ಹೆಡ್ಡಿನ ಪಕ್ಕದಲ್ಲಿ ಕ್ಯಾಮ್‌ನಿಂದ ಓಡುವ ಪೆಟ್ರೋಲ್ ಪಂಪ್ ಇತ್ತು. ಪಿ79ರಲ್ಲಿ ಅದಕ್ಕೆ ಜಾಗವೇ ಇಲ್ಲ. ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪನ್ನು ಹಿಂದೆ ಟ್ಯಾಂಕಿನ ಹತ್ತಿರ ಹಾಕಿದೆವು. ಆಯಿಲ್ ಒತ್ತಡ ಇಳಿದರೆ ಪಂಪ್ ತಾನಾಗಿ ನಿಲ್ಲುವ ಸ್ವಿಚ್ಚೂ ಜೊತೆಗೆ. ಇದನ್ನು ಉಳಿತಾಯದ ಲೆಕ್ಕದಲ್ಲಿ ಬಿಡಬೇಡಿ. ಅಪಘಾತದಲ್ಲಿ ಎಂಜಿನ್ ನಿಂತು ಪಂಪ್ ಮಾತ್ರ ಪೆಟ್ರೋಲ್ ಸುರಿಯುತ್ತಿದ್ದರೆ ಏನಾಗುತ್ತದೆ ಎಂದು ಯೋಚಿಸಿದರೆ ಸಾಕು.

ಇನ್ನು ನಮ್ಮ ಪೆದ್ದುತನ. ನಾವು ತಂದದ್ದು ಆಟೋಮ್ಯಾಟಿಕ್ ಕಾರಿನ ಎಂಜಿನ್. ಮ್ಯಾನುಯಲ್ ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಕ್ರ್ಯಾಂಕಿನ ಹಿಂದೆ ಒಂದು ಪುಟ್ಟ ಬುಷ್‌ನಲ್ಲಿ ಕೂರುತ್ತದೆ. ಆಟೋಮ್ಯಾಟಿಕ್ ಎಂಜಿನ್ನಿನಲ್ಲಿ ಆ ಬುಷ್ ಇರುವುದಿಲ್ಲ. ನಮಗೆ ಗೊತ್ತಿತ್ತು. ತಂದೂ ಇಟ್ಟಿದ್ದೆವು. ಫ್ಲೈವೀಲ್ ಬೋಲ್ಟುಗಳನ್ನೂ ನೆನಪಿಟ್ಟು ಹಳೇ ಎಂಜಿನ್ನಿನವೇ ಹಾಕಿದೆವು, ಆಟೋಮ್ಯಾಟಿಕ್ಕಿನವು ಗಿಡ್ಡ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಅದಕ್ಕೆ ಹೊಂದುವ ಬೇರಿಂಗ್ ಕಾಲರು ಎಲ್ಲ ಒಂದೇ ಜೋಡಿ, ಬೆರಕೆ ಮಾಡಲಿಲ್ಲ. ಗೇರ್‌ಬಾಕ್ಸ್ ಸೇರಿಸಿ, ಬಿಗಿ ಮಾಡಿ, ಬಾಡಿಗೆ ಕ್ರೇನಿಗೆ ಸರಪಳಿ ಕಟ್ಟಿ ಎತ್ತಿದೆವು. ಗೆಳೆಯ ಚಹಾ ಲೋಟ ಇಡಲು ಬೆಂಚಿನ ಕಡೆ ತಿರುಗಿದ. ಹಾಗೇ ನಿಂತ. ಬೆಂಚಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಕಂಚಿನ ಬುಷ್, ಪ್ಲಾಸ್ಟಿಕ್ ಕವರಿನಲ್ಲಿ.

ಎಲ್ಲ ಇಳಿಸಿ, ಬಿಚ್ಚಿ, ಬುಷ್ ಹೊಡೆದು, ಮತ್ತೆ ಸೇರಿಸುವಷ್ಟರಲ್ಲಿ ರಾತ್ರಿ ಹನ್ನೊಂದು. ಚಹಾ ಅಲ್ಲೇ ಆರಿತ್ತು.

ಓಡಿದ ಮೇಲೆ

ಎಲ್ಲ ಸೇರಿ 1,900 ಡಾಲರ್ ಆಯಿತು, ಎಂಜಿನ್ 350, ಉಳಿದದ್ದು ಗ್ಯಾಸ್ಕೆಟ್ಟು, ಕ್ಲಚ್ಚು, ಪಂಪು, ಬಾಡಿಗೆ, ಸಣ್ಣಪುಟ್ಟದ್ದು. ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯುವವರು ಈ ಉಳಿದದ್ದನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು. ನಾವು ಬರೆದುಕೊಂಡಿದ್ದು 1,200.

ಕಾರ್ಬ್ಯುರೇಟರು ಹಳೇದೇ, ಎಸ್‌ಯು ಬಗೆಯ ಎರಡು. ಮೊದಲ ಓಟದಲ್ಲಿ ಕೆಳಗಿನ ವೇಗದಲ್ಲಿ ಬೆಣ್ಣೆ, ಮೇಲೆ ಹೋದರೆ ಉಸಿರು ಕಟ್ಟಿದ ಹಾಗೆ. ಸೈಲೆನ್ಸರ್ ಕೊಳವೆಗೆ ಆಕ್ಸಿಜನ್ ಸೆನ್ಸರ್ ಹಾಕಿ ನೋಡಿದರೆ ಪೂರ್ತಿ ತುಳಿದಾಗ ಒಂದು ಪಾಲು ಪೆಟ್ರೋಲಿಗೆ 14.5 ಪಾಲು ಗಾಳಿ. ಭಾರ ಎಳೆಯುವಾಗ ಇದು ತೀರಾ ತೆಳು, ಪಿಸ್ಟನ್ ಸುಡುವ ದಾರಿ. 2.4ಕ್ಕೆ ಅಳೆದ ಕಾರ್ಬ್ಯುರೇಟರ್ ಸೂಜಿ 2.8ರ ಹಸಿವಿಗೆ ಸಾಲದು. ಪೆಟ್ರೋಲ್ ಜಾಸ್ತಿ ಬಿಡುವ ಸೂಜಿ ಹಾಕಿದ ಮೇಲೆ 12.8ಕ್ಕೆ ಬಂತು. ಹೊಸ ಎಂಜಿನ್ ಜೊತೆ ಬಂದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಉಳಿಸಿಕೊಂಡೆವು, ಪಾಯಿಂಟ್ ಉಜ್ಜುವ ಕಾಟ ತಪ್ಪಿತು. ಅದರಿಂದ ಆರ್‌ಪಿಎಂ ಮುಳ್ಳು ಕುಣಿಯತೊಡಗಿತು. ಇನ್ನೂ ಕುಣಿಯುತ್ತಿದೆ.

ಸ್ಯಾನ್ ಹೋಸೆಯ ಪೂರ್ವಕ್ಕೆ ಮೌಂಟ್ ಹ್ಯಾಮಿಲ್ಟನ್ ಇದೆ, ತುದಿಯಲ್ಲಿ ಲಿಕ್ ವೀಕ್ಷಣಾಲಯ. ರಸ್ತೆ ಆಗುಂಬೆ ಘಾಟಿಯ ಹಾಗೆ ಸುತ್ತಿ ಸುತ್ತಿ ಹತ್ತುತ್ತದೆ, ಮಳೆಯೊಂದಿಲ್ಲ. ಹಳೇ ಎಂಜಿನ್ನಿನಲ್ಲಿ ಪ್ರತಿ ತಿರುವಿಗೂ ಎರಡನೇ ಗೇರಿಗೆ ಇಳಿಸಬೇಕಿತ್ತು. ಈಗ ಮೂರರಲ್ಲೇ ಬಿಟ್ಟರೆ ತಿರುವಿನಿಂದ ಆಚೆಗೆ ತಾನೇ ಎಳೆದುಕೊಂಡು ಹೋಗುತ್ತದೆ. ಗೆಳೆಯನಿಗೆ ಬೇಕಿದ್ದ ಉಸಿರು ಇದೇ. ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿ ಅಂಕಿ ನೋಡೋಣ ಅಂತ ನಾನು ಎರಡು ಸಲ ಹೇಳಿದೆ. ಅವನಿಗೆ ಮನಸ್ಸಿಲ್ಲ. ಆದರೆ ಎನ್42 ಹೆಡ್ ಎಲ್ಲಾದರೂ ಮಾರಾಟಕ್ಕಿದ್ದರೆ ನನಗೆ ಫೋಟೋ ಕಳಿಸುವುದು ಮಾತ್ರ ಬಿಟ್ಟಿಲ್ಲ.

ಹಳೇ ಎಲ್24 ಮಾರಲಿಲ್ಲ. ಈ ಕಾರುಗಳಲ್ಲಿ ಬಾನೆಟ್ ಕೆಳಗಿನ ತಗಡಿನ ಪಟ್ಟಿಯ ಮೇಲೆ ಚಾಸಿ ನಂಬರಿನ ಜೊತೆ ಎಂಜಿನ್ ನಂಬರನ್ನೂ ಗುದ್ದಿರುತ್ತಾರೆ. ಎರಡೂ ಹೊಂದುವ ಕಾರಿಗೆ ಬೆಲೆ ಜಾಸ್ತಿ, ನಾಳೆ ಮಾರುವವರು ಯಾರೋ ಗೊತ್ತಿಲ್ಲ. ಅದು ಗ್ಯಾರೇಜಿನ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿದೆ. ಮೂರು ತಿಂಗಳಿಗೊಮ್ಮೆ ಗೆಳೆಯ ಆರೂ ಪ್ಲಗ್ ತೂತಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು ಪುಲ್ಲಿ ತಿರುಗಿಸುತ್ತಾನೆ. ಅವನ ಹೆಂಡತಿ ಅದರ ಮೇಲೆ ಸಾಂಬಾರ್ ಪುಡಿಯ ಡಬ್ಬಗಳನ್ನು ಜೋಡಿಸಿಟ್ಟಿದ್ದಾರೆ. ಪ್ರತಿ ಸಲವೂ ಮೊದಲು ಅವನ್ನು ಇಳಿಸಬೇಕು.